ಮಂದೂಬರ ಚಾರ್ಜು ಪಟ್ಟಿ

ಬಹರೈನಿನ ಸೀಫ್‌ನಲ್ಲಿರುವ ನಮ್ಮ ಆಫೀಸು ಹೋದ ತಿಂಗಳು ಆರನೇ ಮಹಡಿಯಿಂದ ಎರಡನೇ ಮಹಡಿಗೆ ಇಳಿಯಿತು. ಹಳೆಯ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ ವಿಲೇವಾರಿ ಮಾಡಿ ಎಂದು ಮೇಲಿನವರ ಅಪ್ಪಣೆಯಾಗಿತ್ತು. ನನ್ನ ಕಪಾಟು ಖಾಲಿ ಮಾಡಲು ಜೊತೆಗೆ ನಿಂತವರು ಮಂಗಳೂರು ಕಡೆಯ ಸಹೋದ್ಯೋಗಿ. ಕೆಳಗಿನ ಡ್ರಾಯರಿನಿಂದ ಹಸಿರು ದಾರದ ಒಂದು ಕಟ್ಟನ್ನು ಎತ್ತಿ ಹಿಡಿದು, "ಇದೆಂತ ಮಾರಾಯ್ರೆ, ಶೂ ಲೇಸಾ?" ಎಂದರು.

ಅದು ಫೈಲಿಗೆ ಕಟ್ಟುವ ಟ್ಯಾಗು. ಎರಡೂ ತುದಿಗೆ ತಗಡಿನ ಚಿಕ್ಕ ಕಡ್ಡಿ. ಮೂಗಿನ ಹತ್ತಿರ ಹಿಡಿದೆ. ಗೋಂದು, ಧೂಳು, ಅರಗು... ದಾವಣಗೆರೆಯ ತಾಲ್ಲೂಕು ಕಚೇರಿ ಇಷ್ಟು ವರ್ಷವಾದರೂ ಆ ದಾರವನ್ನು ಬಿಟ್ಟಿರಲಿಲ್ಲ. ಅಲ್ಲಿ ಶಿರಸ್ತೇದಾರರಾಗಿದ್ದ ನಮ್ಮಪ್ಪ, ಬಹರೈನಿಗೆ ಹೊರಟ ಮಗಳಿಗೆ ಚಟ್ನಿಪುಡಿಯ ಜೊತೆ ಕಟ್ಟಿಕೊಟ್ಟ ಬಳುವಳಿ ಇದು. ಇಲ್ಲಿ ಕಾಗದಕ್ಕೆಲ್ಲ ದಪ್ಪ ಬಾಕ್ಸ್ ಫೈಲು, ಟ್ಯಾಗು ಯಾರಿಗೂ ಬೇಕಾಗಲಿಲ್ಲ. ಬೇಕೆಂದು ಕೇಳಿ ಅರ್ಧ ಕಟ್ಟು ತೆಗೆದುಕೊಂಡು ಹೋದವರು ಒಬ್ಬರೇ, ನಮ್ಮ ಆಫೀಸಿನ ಮಂದೂಬ್.

ಕೊಲ್ಲಿಯ ಕಂಪನಿಗಳಲ್ಲಿ ಮಂದೂಬ್ ಎಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡಿ ನೌಕರರ ವೀಸಾ, ಗುರುತಿನ ಚೀಟಿ, ಪರವಾನಗಿ ಇವನ್ನೆಲ್ಲ ಮಾಡಿಸಿಕೊಡುವವರು. ನಮ್ಮ ಮಂದೂಬರು ಸುಡಾನಿನ ದಕ್ಷಿಣದವರು, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ. ಕಂಕುಳಲ್ಲಿ ಸದಾ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ನಮ್ಮೆಲ್ಲರ ಪಾಸ್‌ಪೋರ್ಟ್ ಫೋಟೊ. ನನ್ನ ಫೋಟೊದಲ್ಲಿ ಕಣ್ಣು ಅರ್ಧ ಮುಚ್ಚಿತ್ತು. ಬೇರೆ ತೆಗೆಸಿಕೊಂಡು ಬರುತ್ತೇನೆಂದರೂ ಕೇಳದೆ ಅದನ್ನೇ ಒಯ್ದು ಕಾರ್ಡ್ ಮಾಡಿಸಿ ತಂದರು. ಸದ್ಯ ಈ ದೇಶದಲ್ಲಿ ಒಬ್ಬರಿಗಾದರೂ ನೆಮ್ಮದಿಯ ನಿದ್ದೆ ಇದೆ ಎಂದು ಕೌಂಟರಿನವನು ಖುಷಿಪಟ್ಟನಂತೆ. ಅವತ್ತಿನಿಂದ ನಾನು ಅವರಿಗೆ 'ಉಖ್ತಿ', ಅಂದರೆ ತಂಗಿ. ನಾನು ತರುತ್ತಿದ್ದ ಖಾರ ಮಂಡಕ್ಕಿಯಲ್ಲಿ ಅರ್ಧ ಪಾಲು ಅವರದೇ. ಅವರ ಅರೆಬರೆ ಇಂಗ್ಲಿಷು, ನನ್ನ ಮುರುಕು ಅರಬ್ಬಿ, ಇಬ್ಬರ ಹಿಂದಿ ಸೇರಿದರೆ ನಮ್ಮ ಮಾತು ಹೇಗೋ ದಡ ಸೇರುತ್ತಿತ್ತು.

ಎಲ್ಲರ ಕಾಗದ ಮಾಡಿಸುತ್ತಿದ್ದ ಮನುಷ್ಯನಿಗೆ ತನ್ನ ಕಾಗದದ್ದೇ ಕೊರಗು. ಯುದ್ಧದ ಕಾಲದಲ್ಲಿ ಹುಟ್ಟಿದ್ದರಿಂದ ಅವರ ಹುಟ್ಟನ್ನು ಯಾರೂ ಎಲ್ಲೂ ಬರೆದಿಡಲಿಲ್ಲ. ಓಡಿ ಹೋಗಿ ಓದಿದ್ದು ಖಾರ್ತೂಮಿನಲ್ಲಿ, ಅದೂ ಅರಬ್ಬಿಯಲ್ಲಿ. ಪಾಸ್‌ಪೋರ್ಟ್ ಕೊಟ್ಟದ್ದು ತಮ್ಮ ಊರಿನ ಮೇಲೆ ಯುದ್ಧ ಹೂಡಿದ್ದ ಸರ್ಕಾರ. ತಮ್ಮದೇ ದೇಶ ತಮ್ಮ ಹೆಸರು ಬರೆದ ಒಂದು ಕಾಗದ ಕೈಗೆ ಬಂದರೆ ಸಾಕು, ಆಮೇಲೆ ಮಂದೂಬಗಿರಿಗೆ ಸಲಾಂ ಎನ್ನುತ್ತಿದ್ದರು. ಹೇಳುವಾಗ ನಗುತ್ತಿದ್ದರು ನಿಜ, ಆದರೆ ಆ ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಅಂಥದ್ದರಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವೇ ಆಗಿಬಿಟ್ಟಿತು. ಮಂದೂಬರು ಆರು ಮಹಡಿಗೂ ಹತ್ತಿಳಿದು ಗುರುತಿದ್ದವರಿಗೂ ಇಲ್ಲದವರಿಗೂ ಖರ್ಜೂರ ಹಂಚಿದರು. ಹೊಸ ಸರ್ಕಾರದಲ್ಲಿ ಕುರ್ಚಿ ಸಿಕ್ಕಿದ್ದು ಕಾಡಿನಲ್ಲಿ ಬಂದೂಕು ಹಿಡಿದವರಿಗೆ. ಯಾರಿಗೆ ಯಾವ ಹುದ್ದೆ ಎಂಬುದೆಲ್ಲ ರೇಡಿಯೊದಲ್ಲೇ ಗೊತ್ತಾಗಬೇಕು. ಮಂದೂಬರ ಚಿಕ್ಕಪ್ಪನ ಮಗ ಒಬ್ಬ ಬ್ರಿಗೇಡಿಯರ್. ಆತ ಕ್ಷೌರಕ್ಕೆ ಕೂತಿದ್ದಾಗ ರೇಡಿಯೊ ಅವನನ್ನು ನಮ್ಮ ತಾಲ್ಲೂಕಿನಂಥ ಒಂದು ಸೀಮೆಗೆ ಕಮಿಷನರ್ ಮಾಡಿತು. ಅರ್ಧ ಗಡ್ಡದಲ್ಲೇ ಎದ್ದು ಬಹರೈನಿಗೆ ಫೋನು ಮಾಡಿದನಂತೆ. ಆತ ಹುಟ್ಟಿದಾಗಿನಿಂದ ಕಂಡಿದ್ದು ಕಂದಕ ಮಾತ್ರ, ಕಚೇರಿ ಕಂಡವರೆಂದರೆ ಮನೆತನದಲ್ಲಿ ಇವರೊಬ್ಬರೇ. ಬಂದು ನನ್ನ ಕಚೇರಿ ನಡೆಸು ಎಂದು ಕರೆದ.

ಮಂದೂಬರು ಮಾರನೆಯ ದಿನವೇ ರಾಜೀನಾಮೆ ಕೊಡಲು ಹೊರಟರು. ಇಲ್ಲಿ ವೀಸಾ ರದ್ದಾದರೆ ಮತ್ತೆ ಒಳಗೆ ಬರುವುದು ಸುಲಭವಲ್ಲ. ಅದು ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ರೇಡಿಯೊ ಹೇಳಿದೆ, ಖಲಾಸ್, ಇನ್ನೇನು ಬೇಕು ಎಂದರು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನಿಗೆ ಫೋನು ಹಚ್ಚಿದೆ. ನಿವೃತ್ತರಾಗಿ ಬೇಸರದಿಂದ ಕೂತಿದ್ದ ಅಪ್ಪನಿಗೆ ಇಂಥದ್ದೊಂದು ಕಡತ ಬಂದದ್ದೇ ಹಬ್ಬ.

"ಆರ್ಡರ್ ಕಾಪಿ ಕೈಗೆ ಬಂದೈತಾ?" ಎಂದು ಮೊದಲು ಕೇಳಿದರು. ಇಲ್ಲವೆಂದೆ. "ಹಂಗಾದ್ರೆ ಕುರ್ಚಿ ಬಿಟ್ಟು ಏಳಬ್ಯಾಡ ಅನ್ನವ್ವ. ರೇಡಿಯೊ ಕೊಟ್ಟಿದ್ದನ್ನ ರೇಡಿಯೊನೇ ಕಿತ್ಕೊಳ್ಳುತ್ತೆ."

ಈ ಮಾತನ್ನು ನಾನು ಅರಬ್ಬಿಗೆ ಇಳಿಸಿದ ರೀತಿಗೆ ಮಂದೂಬರು ಮೊದಲು ನಕ್ಕರು, ಆಮೇಲೆ ಗಂಭೀರವಾದರು. ಚಿಕ್ಕಪ್ಪನ ಮಗನನ್ನು ಲಿಖಿತ ಆದೇಶ ಕೇಳಿದರು. ಆತ, ಬರೆಯಲು ಬರುವವನು ನೀನೊಬ್ಬನೇ, ನಿನ್ನ ಆದೇಶ ನೀನೇ ಬರೆದು ಕಳಿಸು, ಸಹಿ ಹಾಕುತ್ತೇನೆ ಎಂದ. ಬಂದ ತೊಡಕು ಬೇರೆಯೇ. ಹೊಸ ದೇಶ ಕಚೇರಿಯ ಭಾಷೆ ಇಂಗ್ಲಿಷ್ ಎಂದು ಸಾರಿತ್ತು, ಇವರ ವಿದ್ಯೆಯೆಲ್ಲ ಅರಬ್ಬಿಯಲ್ಲಿ. ಹೀಗೆ ಆಫ್ರಿಕಾದ ಒಂದು ಸ್ವತಂತ್ರ ದೇಶದ ನೇಮಕಾತಿ ಆದೇಶ ಸೀಫ್‌ನ ಆರನೇ ಮಹಡಿಯಲ್ಲಿ, ಕರಕ್ ಚಹಾದ ಲೋಟದ ಪಕ್ಕ, ದಾವಣಗೆರೆ ತಾಲ್ಲೂಕು ಕಚೇರಿಯ ಇಂಗ್ಲಿಷಿನಲ್ಲಿ ತಯಾರಾಯಿತು. ಅಪ್ಪನ ಹಳೆಯ ವರ್ಗಾವಣೆ ಆದೇಶದ ಒಕ್ಕಣೆ ನನಗೆ ಬಾಯಿಪಾಠವಿತ್ತು. ಅದೇ ಗುಂಗಿನಲ್ಲಿ ಕೊನೆಗೆ 'ಮುಂದಿನ ಆದೇಶದವರೆಗೆ' ಎಂಬ ಮಾತನ್ನೂ ಸೇರಿಸಿದೆ. ನಮ್ಮ ಕಡೆ ಅದಿಲ್ಲದೆ ಜವಾನನಿಗೂ ಆದೇಶ ಆಗುವುದಿಲ್ಲ. ಇದರ ಅರ್ಥವೇನು ಎಂದು ಮಂದೂಬರು ಕೇಳಿದರು. ಅರ್ಥವೇನಿಲ್ಲ, ಹಾಗೆ ಬರೆಯುವುದು ಪದ್ಧತಿ ಎಂದೆ.

ಎರಡು ವಾರದ ಮೇಲೆ ಫ್ಯಾಕ್ಸ್ ಬಂತು. ಸಹಿ, ಮೊಹರು ಎಲ್ಲ ಇತ್ತು. ಕಾಗದ ನಿಧಾನವಾಗಿ ಹೊರಗೆ ಬರುತ್ತಿದ್ದಂತೆ ಆ ದೊಡ್ಡ ಆಳು ಯಂತ್ರದ ಮುಂದೆ ನಿಂತು ಮಗುವಿನ ಹಾಗೆ ಅತ್ತುಬಿಟ್ಟರು. "ಉಖ್ತಿ, ನೋಡು, ನನ್ನ ದೇಶ ನನ್ನ ಹೆಸರು ಬರೆದಿದೆ" ಎಂದರು. ಹದಿನೈದು ದಿನದ ಹಿಂದೆ ಆ ಹೆಸರನ್ನು ಟೈಪ್ ಮಾಡಿದ್ದು ನಾನೇ. ಆದರೂ ಮೊದಲ ಸಲ ನೋಡುವವಳ ಹಾಗೆ ನಾನೂ ಬಾಗಿ ಓದಿದೆ.

ಹೊರಡುವ ಮುಂಚಿನ ವಾರವೆಲ್ಲ ಪಾಠ. ಕಚೇರಿಯ ಇಂಗ್ಲಿಷ್ ಒಕ್ಕಣೆ, ಬಂದ ಕಾಗದಕ್ಕೆ ಆವಕ, ಹೋದ ಕಾಗದಕ್ಕೆ ಜಾವಕ, ಹಾಜರಿ ಪುಸ್ತಕ, ಟಿಪ್ಪಣಿ ಹಾಳೆಗೆ ಕೆಂಪು ಶಾಯಿಯಲ್ಲಿ ಪುಟಸಂಖ್ಯೆ. ಟ್ಯಾಗು ಕಂಡದ್ದೇ ಅವರಿಗೆ ಬಹಳ ಹಿಡಿಸಿತು, ವಿದ್ಯುತ್ ಬೇಡ, ತುಕ್ಕು ಹಿಡಿದರೂ ಕೆಲಸ ಕೆಡುವುದಿಲ್ಲ ಎಂದು ಅರ್ಧ ಕಟ್ಟು ಎತ್ತಿಕೊಂಡರು. ಕೊನೆಯ ದಿನ ಸಂಜೆ ನನ್ನನ್ನು ಹಮದ್ ಟೌನಿನ ಮನೆಗೆ ಬಿಡಲು ಬಂದವರು ಮಾತಿನ ಭರದಲ್ಲಿ ಒಂದೇ ವೃತ್ತವನ್ನು ಮೂರು ಸುತ್ತು ಹಾಕಿದರು. ನಾನೂ ತಿರುವು ಬಂತೆಂದು ಹೇಳಲಿಲ್ಲ...

ಹೋದ ಮೇಲೆ ತಿಂಗಳಿಗೆ ಎರಡು ಮೂರು ಫೋನು ಬರುತ್ತಿತ್ತು. ಕಚೇರಿಗೆ ಕಟ್ಟಡ ಇನ್ನೂ ಇಲ್ಲ, ಒಂದು ಮಾವಿನ ಮರ, ಅದರ ಕೆಳಗೆ ಮೂರು ಮೇಜು. ನೀರಾವರಿಗೆ ಒಬ್ಬ ಮೇಜರ್, ಶಾಲೆಗಳಿಗೆ ಒಬ್ಬ ಕ್ಯಾಪ್ಟನ್, ದನಕರುಗಳ ಇಲಾಖೆಗೆ ಫಿರಂಗಿ ಹಾರಿಸುತ್ತಿದ್ದವನೊಬ್ಬ. ಕಡತ ಕೊಟ್ಟರೆ ಓದುವ ಬದಲು ಎದ್ದು ಸಲ್ಯೂಟ್ ಹೊಡೆಯುತ್ತಿದ್ದರಂತೆ. ಸಹಿ ಮಾಡುವಾಗ ಬಂದೂಕನ್ನು ಹಾಜರಿ ಪುಸ್ತಕದ ಮೇಲೆ ಇಡುವುದರಿಂದ ಹಾಳೆ ಹರಿಯುತ್ತಿತ್ತು. ಅದಕ್ಕೆ ಅಪ್ಪ ಫೋನಿನಲ್ಲಿ ನನ್ನ ಕೈಲಿ ಒಂದು ಸುತ್ತೋಲೆ ಹೇಳಿ ಬರೆಸಿದರು: ಅಧಿಕಾರಿಗಳು ತಮ್ಮ ಬಂದೂಕುಗಳನ್ನು ಮರಕ್ಕೆ ಒರಗಿಸಿ ನಂತರ ಸಹಿ ಮಾಡತಕ್ಕದ್ದು. ಮಾಡತಕ್ಕದ್ದು ಎನ್ನುವಾಗ ಅಪ್ಪನ ದನಿಗೆ ಹಳೆಯ ಠೀವಿ ಬಂದಿತ್ತು. ಸುತ್ತೋಲೆ ಫಲಿಸಿತು. ಆದರೆ ಸಾಂದರ್ಭಿಕ ರಜೆ ಎಂಬುದೊಂದು ಇದೆ ಎಂದು ತಿಳಿಸಿದ್ದು ತಪ್ಪಾಯಿತು. ಮಾರನೆಯ ದಿನ ಇಡೀ ಆಡಳಿತವೇ ರಜೆಯ ಮೇಲೆ ಹೋಗಿ ಮರದ ಕೆಳಗೆ ಮಂದೂಬರೊಬ್ಬರೇ ಕೂತಿದ್ದರು. ರಜೆ ಹಕ್ಕಲ್ಲ ಅಂತ ಮೊದಲೇ ಬರೀಬೇಕಿತ್ತು ಎಂದು ಅಪ್ಪ ಎರಡು ದಿನ ಪೇಚಾಡಿದರು.

ಮುಂದೆ ಅಪ್ಪ ಹೇಳಿದ್ದೇ ಆಯಿತು. ಒಂದು ಬೆಳಿಗ್ಗೆ ರೇಡಿಯೊ ಚಿಕ್ಕಪ್ಪನ ಮಗನನ್ನು ಇಳಿಸಿ ಒಬ್ಬ ಕರ್ನಲ್‌ನನ್ನು ಕೂರಿಸಿತು. ಆತ ತನ್ನ ಕಡೆಯವರನ್ನು ಕರೆತಂದ, ಹಳಬರೆಲ್ಲ ಚೀಲ ಎತ್ತಿಕೊಂಡು ಹೋದರು. ಮಂದೂಬರು ಮಾತ್ರ ಎದ್ದು ನಿಂತು ಆದೇಶ ತೋರಿಸಿದರಂತೆ. ಮುಂದಿನ ಆದೇಶದವರೆಗೆ ಎಂದಿದೆ ಸರ್, ಆ ಮುಂದಿನ ಆದೇಶ ಎಲ್ಲಿ? ಕರ್ನಲ್ ತಬ್ಬಿಬ್ಬಾದ. ಬರೆದುಕೊಂಡು ಬಾ ಎಂದು ಕೂಗಿದ. ಬರೆಯಲು ಬರುವವರು ಇವರೊಬ್ಬರೇ. ಇವರು ಸಂತೋಷವಾಗಿ ಒಪ್ಪಿದರು, ಆದರೆ ಮೊದಲು ಕಡತದಲ್ಲಿ ಟಿಪ್ಪಣಿ ಬರೆಯಬೇಕು, ಕಾರಣ ಕೇಳುವ ನೋಟಿಸನ್ನು ತಮಗೆ ತಾವೇ ಕೊಟ್ಟುಕೊಳ್ಳಬೇಕು, ಅದಕ್ಕೆ ತಾವೇ ಉತ್ತರ ಬರೆಯಬೇಕು, ಆ ಉತ್ತರವನ್ನು ತಾವೇ ಪರಿಶೀಲಿಸಬೇಕು ಎಂದು ವಿವರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮ ಮಂದೂಬರು ಅಂಥ ಪೂಜಾರಿಯಾಗಿ ಕೂತುಬಿಟ್ಟರು. ನಾಲ್ಕು ತಿಂಗಳಲ್ಲಿ ಇವರಿಲ್ಲದೆ ಆ ಸೀಮೆಯಲ್ಲಿ ಒಂದು ಕೊಳವೆಬಾವಿಯ ಕಾಗದವೂ ಕದಲದು ಎಂದು ಕರ್ನಲ್‌ಗೇ ಮನವರಿಕೆಯಾಗಿ ಕಡತ ಮುಚ್ಚಿಸಿದ. ಫೋನಿನಲ್ಲಿ ಇದನ್ನು ಹೇಳುತ್ತ ಮಂದೂಬರು ನಕ್ಕ ನಗುವಿಗೆ ನನ್ನ ಪಕ್ಕದ ಮೇಜಿನವರೂ ನಕ್ಕರು. ಅರ್ಥವಿಲ್ಲವೆಂದು ನಾನು ಸೇರಿಸಿದ ಮಾತು ಅವರ ಕುರ್ಚಿ ಉಳಿಸಿತ್ತು. ಆ ಸಂಜೆ ಅಪ್ಪ ಓಣಿಯವರಿಗೆಲ್ಲ ಈ ಕಥೆ ಹೇಳಿದರೆಂದು ಅಮ್ಮ ದೂರಿದರು.

ಅವರಿಗೆ ಮಾವು ಬಿಡುವ ಕಾಲ ಎರಡು ಸಲ ಬಂದು ಹೋಯಿತು. ಅಷ್ಟರಲ್ಲಿ ರೇಡಿಯೊದ ಸುದ್ದಿಯೇ ಬದಲಾಯಿತು. ಒಟ್ಟಿಗೆ ಹೋರಾಡಿದವರೇ ಈಗ ಒಬ್ಬರ ಮೇಲೊಬ್ಬರು ಬಂದೂಕು ಎತ್ತಿದ್ದರು. ಆಫೀಸಿನ ಟಿವಿಯಲ್ಲಿ ಅವರ ಊರಿನ ಹೆಸರು ಒಮ್ಮೆ ಓಡಿಹೋಯಿತು. ಫೋನು ಹೋಗಲಿಲ್ಲ. ಮತ್ತೆ ಮತ್ತೆ ಮಾಡಿದೆ...

ಕೆಲವು ತಿಂಗಳಾದ ಮೇಲೆ, ಬಹರೈನಿಗೆ ಕೆಲಸಕ್ಕೆ ಬಂದ ಸುಡಾನಿನ ಮೇಷ್ಟರೊಬ್ಬರು ನಮ್ಮ ಆಫೀಸು ಹುಡುಕಿಕೊಂಡು ಬಂದು ನನಗೊಂದು ಲಕೋಟೆ ಕೊಟ್ಟರು. ಗಡಿ ದಾಟಿ ಬಂದ ಯಾರೋ ಅವರ ಕೈಗೆ ಕೊಟ್ಟಿದ್ದಂತೆ, ಬೇರೇನೂ ಅವರಿಗೆ ತಿಳಿಯದು. ಒಳಗೆ ನಾಲ್ಕು ಹಾಳೆ, ಮೂಲೆಯಲ್ಲಿ ಹಸಿರು ಟ್ಯಾಗು. ಕಚೇರಿಯ ಚಾರ್ಜು ಪಟ್ಟಿ, ಅಂದರೆ ಹುದ್ದೆ ಬಿಡುವವರು ಬರುವವರಿಗೆ ಸಾಮಾನು ಒಪ್ಪಿಸುವ ಲೆಕ್ಕ. ನಾನು ಕಲಿಸಿದ ಹಾಗೆಯೇ ಕೆಂಪು ಶಾಯಿಯಲ್ಲಿ ಪುಟಸಂಖ್ಯೆ. ಹಾಜರಿ ಪುಸ್ತಕ ಎರಡು. ಮೊಹರು ಒಂದು. ಮೇಜು ಮೂರು. ಕುರ್ಚಿ ಏಳು, ಒಂದರ ಕಾಲು ಮುರಿದಿದೆ. ಮಾವಿನ ಮರ ಒಂದು, ಸುಸ್ಥಿತಿಯಲ್ಲಿದೆ. ಅಲ್ಲಿಗೆ ಬಂದಾಗ ನಗು ತಡೆಯಲಾಗಲಿಲ್ಲ, ನಗುತ್ತಲೇ ಕೊನೆಯ ಹಾಳೆ ತಿರುವಿದೆ. ಚಾರ್ಜು ವಹಿಸಿಕೊಟ್ಟವರು ಎಂಬಲ್ಲಿ ಅವರ ನೀಟಾದ ಸಹಿ. ವಹಿಸಿಕೊಂಡವರು ಎಂಬಲ್ಲಿ ಏನೂ ಇರಲಿಲ್ಲ. ಕೆಳಗೆ, ಪ್ರತಿ: ನನ್ನ ತಂಗಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.

ಸೂಕ್ತ ಕ್ರಮ ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಗೊತ್ತಿದ್ದವರನ್ನೆಲ್ಲ ಕೇಳಿದೆ. ನಿರಾಶ್ರಿತರ ಶಿಬಿರದಲ್ಲಿ ಅಷ್ಟೆತ್ತರದವರನ್ನು ಕಂಡೆ ಎಂದು ಒಬ್ಬರು ಹೇಳಿದರು. ಅಲ್ಲಿ ಎಲ್ಲರೂ ಅಷ್ಟೇ ಎತ್ತರ ಎಂದು ಇನ್ನೊಬ್ಬರು ಹೇಳಿದರು. ಆ ಆದೇಶ ಬರೆದುಕೊಟ್ಟ ಕೈ ನನ್ನದೇ ಎಂಬ ಯೋಚನೆ ಹತ್ತಿದ ದಿನ ಅಪ್ಪನಿಗೆ ಫೋನು ಮಾಡಿ ಅತ್ತೆ. ಅಪ್ಪ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿಕೊಂಡರು. ಆಮೇಲೆ, ಚಾರ್ಜು ತಗೊಂಡವರ ಸಹಿ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದರು. ಇಲ್ಲವೆಂದೆ.

"ಹಂಗಾದ್ರೆ ಚಾರ್ಜು ಇನ್ನೂ ಅವ್ರ ಹತ್ರಾನೇ ಐತವ್ವ," ಎಂದರು. "ಎಲ್ಲೇ ಇರ್ಲಿ, ಆ ಆಫೀಸು ಅವ್ರದ್ದೇ."

ಇದೆಲ್ಲ ನೆನಪಾಗುತ್ತ ಟ್ಯಾಗಿನ ಕಟ್ಟು ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಸಹೋದ್ಯೋಗಿ ಅದೇ ಡ್ರಾಯರಿನಿಂದ ಆ ನಾಲ್ಕು ಹಾಳೆಯನ್ನೂ ತೆಗೆದು ಮೇಜಿನ ಮೇಲಿಟ್ಟಿದ್ದರು. ಈಗ ನಮ್ಮಲ್ಲಿ ಪ್ರತಿ ಕಾಗದಕ್ಕೂ ಒಂದು ಆಯುಸ್ಸು ಬರೆಯಬೇಕು, ಐದು ವರ್ಷ, ಹತ್ತು ವರ್ಷ ಎಂದು. ಅವರು ಪಟ್ಟಿಯ ಮೇಲೆ ಪೆನ್ನು ಹಿಡಿದು, "ಇದನ್ನು ಎಷ್ಟು ವರ್ಷ ಇಡ್ಲಿಕ್ಕುಂಟು?" ಎಂದು ಕೇಳಿದರು.

ಹಾಳೆಗಳ ಟ್ಯಾಗು ಸವೆದಿತ್ತು. ಕಟ್ಟಿನಿಂದ ಹೊಸದೊಂದನ್ನು ಎಳೆದು, ಪೋಣಿಸಿ, ಗಂಟು ಹಾಕಿದೆ. ಆಮೇಲೆ, ಮುಂದಿನ ಆದೇಶದವರೆಗೆ ಎಂದು ಬರೆಯಿರಿ ಎಂದೆ.