ಭಾಲ್ಕಿ ಆಸ್ಪತ್ರೆಯ ಸರ್ವರ್

ನಮ್ಮ ಕಡೆ ಮಾರಾಟವಾಗುವ ಸರ್ವರ್‌ಗಳಲ್ಲಿ ಇರುವುದು ಎರಡೇ ಕಂಪನಿಗಳ ಪ್ರೊಸೆಸರ್. ಬೀದರಿನ ನನ್ನ ಅಂಗಡಿಯಲ್ಲಿ ಹಳೆಯ ಕಂಪನಿಯದು. ನನ್ನ ಬಳಿಯೇ ಕೆಲಸ ಕಲಿತವನೊಬ್ಬ ಭಾಲ್ಕಿಯಲ್ಲಿ ಅಂಗಡಿ ಇಟ್ಟು ಎದುರಾಳಿ ಕಂಪನಿಯ ಮಾಲು ಹಿಡಿದ. ಆ ಕಂಪನಿಯವರು ಒಂದೇ ಚಿಪ್ಪಿನಲ್ಲಿ ಹೆಚ್ಚು ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ತುಂಬಿ ದರ ಇಳಿಸಿದರು. ನಮ್ಮವರೂ ಇಳಿಸಿದರು, ನನ್ನ ಕಮಿಷನ್ ಕತ್ತರಿಸಿ.

ಭಾಲ್ಕಿಯ ಆಸ್ಪತ್ರೆಯೊಂದಕ್ಕೆ ಸರ್ವರ್ ಬೇಕಿತ್ತು. ಅದನ್ನು ಕೊಟ್ಟವನಿಗೇ ಔರಾದಿನಲ್ಲಿರುವ ಅದರ ಶಾಖೆಯ ಆರ್ಡರೂ ಸಿಗುವುದಿತ್ತು. ಖರೀದಿ ನೋಡುತ್ತಿದ್ದ ಹಿರಿಯ ಸಿಸ್ಟರ್ ಬೇಕೆಂದೇ ನಮ್ಮಿಬ್ಬರನ್ನೂ ಒಂದೇ ಹೊತ್ತಿಗೆ ಕರೆದು ಎದುರುಬದುರು ಕೂರಿಸಿದರು.

"ಇವರದು ಕೋರ್ ಡಬಲ್ ಅದಾವ, ರೇಟೂ ಕಮ್ಮಿ ಅದ. ನೀವ್ ಯಾಕ ಹೆಚ್ಚಿಗಿ ಹೇಳ್ತೀರಿ?"

ಅವನು ನಕ್ಕ. "ಅಣ್ಣಾರು ಹಳೀ ಹೆಸರಿಗಿ ರೊಕ್ಕಾ ತಗೋತಾರ್ರಿ ಸಿಸ್ಟರ್."

ನನಗೆ ಮೈಯೆಲ್ಲ ಉರಿಯಿತು. "ಸಿಸ್ಟರ್, ನಿಮ್ಮ ಸಾಫ್ಟ್‌ವೇರ್‌ನವರು ಲೈಸೆನ್ಸ್ ರೊಕ್ಕಾ ಹ್ಯಾಂಗ ತಗೋತಾರ ಕೇಳ್ರಿ. ಕೋರಿಗಿ ಇಷ್ಟು ಅಂತ. ಕೋರ್ ಡಬಲ್ ಆದ್ರ ಲೈಸೆನ್ಸೂ ಡಬಲ್. ಇಂವ ಚಿಪ್ಪಿನಾಗ ಉಳಿಸಿದ್ದು ವರ್ಷಾ ವರ್ಷಾ ಅಲ್ಲಿ ಹೋಗ್ತದ."

ಅವರು ಅಲ್ಲೇ ಫೋನ್ ಮಾಡಿ ಕೇಳಿದರು. ನಿಜವಾಗಿತ್ತು.

"ಗೊತ್ತಿತ್ರಿ ನನಗ" ಎಂದು ಅವನು ಗೊಣಗಿದ.

"ಗೊತ್ತಿದ್ದು ಹೇಳಿಲ್ಲಂದ್ರ ಮೋಸ. ಗೊತ್ತಿರಲಿಲ್ಲಂದ್ರ ದಡ್ಡತನ. ಯಾವ್ದು ನಿಂದು?"

ಅಷ್ಟಕ್ಕೆ ಗೆದ್ದೆನೆಂದುಕೊಂಡೆ. ಸಿಸ್ಟರ್ ಮಾತ್ರ ಅವನ ಕಡೆಗೇ ತಿರುಗಿದರು. "ನಿಮ್ಮ ಕಂಪನ್ಯಾಗ ಕಮ್ಮಿ ಕೋರಿಂದು ಅದ ಏನು?"

"ಅದರಿ. ಇನ್ನೂ ಸಸ್ತಾ." ಫೋನಿನಲ್ಲಿ ಕೇಳಿ ದರ ಹೇಳಿದ. ನನಗೆ ಮಾಲು ಬೀಳುವ ಅಸಲಿಗಿಂತಲೂ ಅದು ಕೆಳಗಿತ್ತು.

ನಾನು ಹೈದರಾಬಾದಿನ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಹಚ್ಚಿದೆ. ಹೋದ ವಾರವಷ್ಟೇ ಇಳಿಸಿದ್ದೇವೆ, ಇನ್ನು ಒಂದು ರೂಪಾಯಿಯೂ ಆಗುವುದಿಲ್ಲ ಎಂದ. ಎರಡೂ ಆರ್ಡರ್ ಭಾಲ್ಕಿಯವನ ಪಾಲಾದವು.

ಈ ದಂಧೆಗೆ ಇಳಿಯುವವರು ಕೇಳಿ. ಎದುರಾಳಿಯ ಮಾಲಿನಲ್ಲಿ ಕೊರತೆ ತೋರಿಸುವ ಮುನ್ನ, ಆ ಕೊರತೆ ಇಲ್ಲದ ಮಾಲು ಅವನ ಹತ್ತಿರವೇ ಇದೆಯೇ ಎಂದು ವಿಚಾರಿಸಿಕೊಳ್ಳಿ. ಗಿರಾಕಿಗೆ ಬುದ್ಧಿ ಹೇಳುವುದಿದ್ದರೆ ಆರ್ಡರ್ ಕೈಗೆ ಬಂದ ಮೇಲೆ ಹೇಳಿ.

ಹೊರಗೆ ಅವನು ಬೈಕಿಗೆ ಒರಗಿ ಕಾಯುತ್ತಿದ್ದ.

"ಅಣ್ಣಾ, ಲೈಸೆನ್ಸಿನ ಮಾತು ಖರೇನ ಗೊತ್ತಿರಲಿಲ್ಲ. ಛಲೋ ಆತು ಹೇಳಿದ್ದು. ಚಹಾ ಕುಡಿಯೂಣು ಬರ್ರಿ, ನಾ ಕೊಡ್ತೇನಿ."

"ನಿನ್ನ ಚಹಾ ನೀನೇ ಕುಡಿ" ಎಂದು ಬೀದರಿನ ಬಸ್ಸು ಹಿಡಿದೆ.