ನಾಲ್ಕು ಬೆರಳು ನೀರು

ನನ್ನ ಅಣ್ಣ ನದಿಯಾಚೆಯ ಚಿನ್ನದ ಗಣಿಯೊಂದರಲ್ಲಿ ಇಪ್ಪತ್ತು ವರ್ಷ ಪಂಪು ನಡೆಸಿದವನು. ನೆಲದಾಳದಲ್ಲಿ ಒಸರುವ ನೀರನ್ನು ಮೇಲಕ್ಕೆತ್ತಿ ಹಳ್ಳಕ್ಕೆ ಬಿಡುವುದೇ ಅವನ ಕಾಯಕ. ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಅವನು ಇಳಕಲ್ಲಿಗೆ ಮರಳಿದಾಗ ಎದೆಯಲ್ಲಿ ಕಲ್ಲುಧೂಳು ಗೂಡು ಕಟ್ಟಿತ್ತು. ಅಂಗಳ ದಾಟುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹುನಗುಂದದಲ್ಲಿ ಹಳಗನ್ನಡ ಕಲಿಸುತ್ತಿದ್ದ ನಾನು ರಜೆಗೆಂದು ಮನೆಯಲ್ಲಿದ್ದೆ.

"ಎಷ್ಟ ಕರೆಂಟ್ ಸುಟ್ಟು ಏರಿಸಿದ ನೀರೋ ತಮ್ಮಾ, ಹಂಗ ಚೆಲ್ಲಿ ಬಂದೇನಿ," ಎಂದು ಅವನು ಪರಿತಪಿಸುತ್ತಿದ್ದ. "ನಾಳೆ ಗಣಿ ಮುಚ್ಚಿದ್ರೂ ಅದರ ಆಳ ಎಲ್ಲಿ ಹೋಗ್ತೈತಿ? ಕರೆಂಟ್ ಹೆಚ್ಚಿದ್ದಾಗ ನೀರ ಮ್ಯಾಲ ಏರಿಸಿ ಇಡಬೇಕು. ಕಡಿಮಿ ಬಿದ್ದಾಗ ಆಳಕ್ಕ ಬಿಟ್ರ, ಏರಿಸಿದ ಶ್ರಮ ಬೆಳಕಾಗಿ ತಿರುಗಿ ಬರ್ತೈತಿ."

ಸಾಯುವ ಮುನ್ನ ಅದನ್ನೊಮ್ಮೆ ಕಣ್ಣಾರೆ ಕಾಣಬೇಕೆಂಬುದೊಂದೇ ಅವನ ಆಸೆ. ನಮ್ಮ ಹೊಲದ ಬದುವಿಗೆ ಕೆಂಪು ಕಲ್ಲು ತೆಗೆದು ಬಿಟ್ಟ ಕ್ವಾರಿಯೊಂದಿತ್ತು; ತಳದಲ್ಲಿ ನೀರು, ಅಂಚಿನಲ್ಲೊಂದು ಚಿಕ್ಕ ಕಲ್ಲಗುಂಡಿ. ಎತ್ತುಗಳು ಹಗ್ಗ ಜಗ್ಗಿ ತೊಗಲಿನ ಕಪಲಿಯಿಂದ ತಳದ ನೀರನ್ನು ಮೇಲಿನ ಗುಂಡಿಗೆ ತುಂಬುವುದು, ಬಂಡೆಯ ಸೀಳಿನಲ್ಲಿಟ್ಟ ಕೊಳವೆಯಿಂದ ಅದು ಇಳಿದು ಕಟ್ಟಿಗೆಯ ಗಾಲಿ ತಿರುಗಿಸುವುದು, ಸೈಕಲ್ಲಿನ ಡೈನಮೋ ಬಲ್ಬು ಬೆಳಗುವುದು. ಅವನು ಕೂತಲ್ಲಿಂದ ಹೇಳಿದ, ನಾನು ಕಟ್ಟಿದೆ.

ನೋಡಲು ಬಂದ ಕಲ್ಲುಕುಟಿಗನೊಬ್ಬ ನಕ್ಕ. "ಏರ್ಸೂದು, ಮತ್ತ ಇಳ್ಸೂದು! ರೊಟ್ಟಿ ಬಡದು ಮತ್ತ ಹಿಟ್ಟ ಮಾಡಿದಂಗಾತಲ್ರಿ!"

"ಹಿಟ್ಟ ತಿರುಗಿ ಬರೂದಾದ್ರ ನಿನ್ನ ಹೇಣ್ತಿ ನನಗ ಕೈ ಮುಗೀತಾಳಲೇ," ಎಂದ ಅಣ್ಣ. ತಾನೂ ನಕ್ಕದ್ದಕ್ಕೆ ಬಹಳ ಹೊತ್ತು ಕೆಮ್ಮಿದ.

ಭಾನುವಾರ ಸಂಜೆ ಕಪಲಿಯ ಹಗ್ಗ ಹರಿಯಿತು. ಮೇಲಿನ ಗುಂಡಿಯಲ್ಲಿ ಕೊಳವೆಯ ಬಾಯಿ ಮುಟ್ಟಲು ಇನ್ನು ನಾಲ್ಕು ಬೆರಳು ನೀರು ಬೇಕಿತ್ತು, ಅಷ್ಟೇ. ಮರುದಿನ ಬೆಳಿಗ್ಗೆ ಹೊಸ ಹಗ್ಗ ಬಂದಿತು. ಆದರೆ ಅಂದು ಸೋಮವಾರ. ನಮ್ಮ ಕಡೆ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ನಾನು ಲಿಂಗಪೂಜೆ ಮುಗಿಸಿ ಬಂದಾಗ ಅತ್ತಿಗೆ ಹಾಸಿಕೊಟ್ಟ ಕಂಬಳಿಯ ಮೇಲೆ ಅಣ್ಣ ಗೋಡೆಗೊರಗಿ ಕೂತಿದ್ದ.

"ಒಂದ ತಾಸ ಹೂಡ್ತೀಯೇನೋ?"

"ಸ್ವಾಮಾರ ಐತಲ್ಲೋ ಅಣ್ಣಾ. ನಾಳೆ ಮುಂಜಾನೆ ಹೂಡಿದ್ರಾತು."

ಅವನು ನನ್ನ ಮುಖವನ್ನೇ ನೋಡಿದ. "ಖರೆ. ಪಾಪ, ಅವಕೂ ಒಂದಿನ ಬೇಕು," ಎಂದು ಕಣ್ಣು ಮುಚ್ಚಿದ.

ಮಂಗಳವಾರ ನಸುಕಿನಲ್ಲಿ ಅವನು ಲಿಂಗೈಕ್ಯನಾದ. ಎತ್ತುಗಳು ಕ್ವಾರಿಗೆ ಹೋಗಲಿಲ್ಲ; ಅವನ ಸಮಾಧಿಗೆ ಬೇಕಾದ ಮಣ್ಣು, ಕಲ್ಲು ಎಳೆದವು.

ಮುಂದಿನ ಸೋಮವಾರ ಅತ್ತಿಗೆ ಕೊಡ ಹೊತ್ತು ಒಬ್ಬಳೇ ಕ್ವಾರಿಗೆ ಹೊರಟಳು. ನಾನೂ ಇನ್ನೊಂದು ಕೊಡ ಎತ್ತಿಕೊಂಡು ಹಿಂದೆ ನಡೆದೆ. ಕೆಲಸಗಾರರು ಕಡಿದ ಮೆಟ್ಟಿಲುಗಳನ್ನು ಇಳಿದೆವು, ಏರಿದೆವು. ವಾರದ ಬಿಸಿಲಿಗೆ ಮೇಲಿನ ಗುಂಡಿಯ ನೀರು ಇನ್ನಷ್ಟು ಇಳಿದಿತ್ತು. ಆದರೂ ಮಧ್ಯಾಹ್ನ ಹೊರಳುವಷ್ಟರಲ್ಲಿ ಅದು ಕೊಳವೆಯ ಬಾಯಿಗೆ ಬಂದಿತು. ಇನ್ನೂ ಹತ್ತಿಪ್ಪತ್ತು ಕೊಡ ಹೊತ್ತು ಬಾಯಿಯ ಬಿರಡೆ ತೆಗೆದೆ. ಗಾಲಿ ಮುಲುಗಿ ತಿರುಗಿತು. ಹಗಲಿನಲ್ಲಿ ಕಾಣಲಿಕ್ಕಿಲ್ಲವೆಂದು ಅತ್ತಿಗೆ ಬಲ್ಬಿಗೆ ಸೆರಗು ಮರೆಮಾಡಿದಳು. ಒಳಗೆ ಅರಿಸಿನದ ಬೊಟ್ಟಿನಂತೆ ಬೆಳಕು ಮೂಡಿ, ನೀರು ತಗ್ಗುವವರೆಗೆ ಇದ್ದು, ಕೆಂಪಾಗಿ ಆರಿತು.

ಎತ್ತನ್ನು ಹೂಡದಿದ್ದುದಕ್ಕೆ ನಾನು ಇಂದಿಗೂ ಪಶ್ಚಾತ್ತಾಪ ಪಡುವುದಿಲ್ಲ. ಆದರೆ ಆ ಸೋಮವಾರದ ಬಿಡುವು ಎತ್ತಿನ ಹೆಗಲಿಗಿತ್ತು, ನನ್ನ ಹೆಗಲಿಗಿರಲಿಲ್ಲ.

ಅತ್ತಿಗೆ ಕೊಡ ಬೋರಲು ಹಾಕಿ ಹಾಸುಗಲ್ಲಿನ ಮೇಲೆ ಕುಳಿತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೋದ ಸ್ವಾಮಾರನೂ ಈ ಕೊಡ ಮನ್ಯಾಗ ಇದ್ದವಲ್ಲೋ ತಮ್ಮಾ. ನನಗೂ ಹೊಳಿಲಿಲ್ಲ ನೋಡು."