ಎಡಕ್ಕೆ ಸುತ್ತಿದ ಶಾವಿಗೆ

ನಿಜಾಮನ ಕಾಲದ ಮಾತು. ಮಸ್ಕಿಯ ತಿಮ್ಮವ್ವ ವಳಕಮದಿನ್ನಿಯ ಬಾಲಪ್ಪನಿಗೆ ಎರಡನೆಯವಳಾಗಿ ಬಂದಾಗ, ಆ ಮನೆಯಲ್ಲಿ ಮೊದಲನೆಯವಳು ಇನ್ನೂ ಇದ್ದಳು. ಸತ್ತು ವರ್ಷವಾಗುತ್ತಾ ಬಂದಿತ್ತು, ಆದರೂ ಇದ್ದಳು.

ಅವಳ ಹೆಸರು ಅಯ್ಯಮ್ಮ. ಎಡಚಿ. ಒಲೆಯ ಮುಂದೆ ಉಪ್ಪಿನ ಗಡಿಗೆ ಎಡಕ್ಕಿರುತ್ತಿತ್ತು. ತಿಮ್ಮವ್ವ ಬಲಕ್ಕೆ ಸರಿಸಿದರೆ, ಅತ್ತಿತ್ತ ಹೋಗಿ ಬರುವುದರೊಳಗೆ ಮತ್ತೆ ಎಡಕ್ಕೇ ಕೂತಿರುತ್ತಿತ್ತು. ಅತ್ತೆ ಪೀರಮ್ಮ ಸರಿಸುತ್ತಿದ್ದಳೋ ಮತ್ಯಾರೋ, ಕೇಳಲು ತಿಮ್ಮವ್ವನಿಗೆ ಧೈರ್ಯವಾಗಲಿಲ್ಲ. ಕೊರಳಲ್ಲಿ ಸತ್ತ ಸವತಿಯ ಹೆಸರಿನ ಬೆಳ್ಳಿ ತಾಳಿ ಬೇರೆ. ಏನೇ ಉಣ್ಣಲಿ, ಮೊದಲ ತುತ್ತು ಅದಕ್ಕೆ ತೋರಿಸಬೇಕು.

ಅಯ್ಯಮ್ಮನ ಮಗಳು ಗದ್ದೆಮ್ಮ ಇನ್ನೂ ನಾಲ್ಕೈದು ವರ್ಷದ ಕೂಸು. ತಿಮ್ಮವ್ವ ಬಡಿಸಿದ್ದನ್ನು ಬಾಯಿಗೆ ಹಾಕುತ್ತಿರಲಿಲ್ಲ. ಅಜ್ಜಿ ಕೊಟ್ಟ ಚೂರು ರೊಟ್ಟಿ, ಗುಟುಕು ಮಜ್ಜಿಗೆ, ಅಷ್ಟೇ. ಪಕ್ಕೆಲುಬು ಎದ್ದು ಕಾಣಹತ್ತಿದ್ದವು. ತಾಯಿ ಕರಕೊಂಡು ಹೋಗಾಕ ಬಂದು ಕುಂತಾಳ ಎಂದು ಓಣಿಯ ಹೆಂಗಸರು ತಿಮ್ಮವ್ವನ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರು.

ನಡುಮನೆಯ ನೆಲುವಿನಲ್ಲಿ ಬಾಯಿ ಕಟ್ಟಿದ ಗಡಿಗೆಯೊಂದಿತ್ತು. ಅದರಲ್ಲಿ ಅಯ್ಯಮ್ಮ ಹೋದ ಬೇಸಿಗೆಯಲ್ಲಿ ಹೊಸೆದಿಟ್ಟ ಶಾವಿಗೆ, ಕೊನೆಯ ನಾಲ್ಕು ಸುರುಳಿ. ಊರವರ ಶಾವಿಗೆ ಬಲಕ್ಕೆ ಸುತ್ತಿಕೊಂಡರೆ ಅವಳದು ಎಡಕ್ಕೆ. ಪೀರಮ್ಮ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದು ತೀರಿದರೆ ಸೊಸೆಯೂ ತೀರಿದಂತೆ ಅನ್ನುತ್ತಿದ್ದಳು.

ಹೋಳಿಹುಣ್ಣಿಮೆ ಕಳೆದಿತ್ತು. ಬಾಲಪ್ಪ ಕಂದಾಯದ ಗಿರ್ದಾವರ ಸಾಹೇಬನ ಗಂಟು ಹೊತ್ತು ಲಿಂಗಸುಗೂರಿಗೆ ಬಿಟ್ಟಿ ಹೋಗಿದ್ದ. ಪೀರಮ್ಮ ಸಂತೆಗೆ ಹೋಗಿದ್ದಳು. ಗದ್ದೆಮ್ಮ ಮುಂಜಾನೆಯಿಂದ ಕಟ್ಟೆಯ ಮೇಲೆ ಮಲಗಿದ್ದು ಎದ್ದೇ ಇರಲಿಲ್ಲ.

ತಿಮ್ಮವ್ವ ಗಡಿಗೆ ಇಳಿಸಿದಳು.

ಅತ್ತೆ ಬರುವುದರೊಳಗೆ ಆಗಬೇಕು. ಹಿತ್ತಲಿನ ಎಳೆ ಬದನೆಕಾಯಿ, ಚವಳಿಕಾಯಿ, ಉಳ್ಳಾಗಡ್ಡಿ ತಪ್ಪಲು ಹರಿದು ತಂದಳು, ಹುಣಸೆ ಚಿಗುರು ಒಂದು ಹಿಡಿ. ಎಸರು ಕುದಿಯಿತು. ಶಾವಿಗೆ ಬಿಟ್ಟಳು, ಕಣ್ಣು ಮಿಟುಕಿಸುವುದರಲ್ಲಿ ಬೆಂದಿತು, ಬಸಿದಳು. ಕುಸುಬಿ ಎಣ್ಣೆಯಲ್ಲಿ ಜೀರಿಗೆ, ಹಸಿಮೆಣಸಿನಕಾಯಿ ಚಟಪಟ ಅಂದವು. ಕಾಯಿ ಬಾಡಿದ ಮೇಲೆ ಚಿಗುರು, ತಪ್ಪಲು, ಶಾವಿಗೆ ಹಾಕಿ ತಿರುವಿದಳು. ಉಪ್ಪಿಗೆ ಬಲಕ್ಕೆ ಚಾಚಿದ ಕೈ ಬರಿದೆ ನೆಲ ಸವರಿತು. ಗಡಿಗೆ ಎಡಕ್ಕಿತ್ತು.

ಮೊದಲ ತುತ್ತು ಕೊರಳ ಬೆಳ್ಳಿ ತಾಳಿಗೆ ತೋರಿಸಿದಳು. ಹಬೆ ಬಡಿದು ಅದರ ಮೇಲೆ ಹನಿ ಕೂತವು, ಅತ್ತ ಮುಖದ ಹಾಗೆ.

ವಾಸನೆಗೆ ಕೂಸು ಎದ್ದು ಬಂತು. ತಾಟಿನೊಳಗಿನ ಎಳೆಗಳನ್ನು ನೋಡಿತು.

"ಅವ್ವ ಮಾಡ್ಯಾಳೇನು?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ತಿಮ್ಮವ್ವ ತಾಟು ಹತ್ತಿರ ಸರಿಸಿ ಹೇಳಿದಳು: "ಶಾವಿಗಿ ನಿಮ್ಮವ್ವಂದು. ಒಗ್ಗರಣಿ ನಂದು. ಇಬ್ಬರದೂ ಉಣ್ಣವಾ."

ಗದ್ದೆಮ್ಮ ಎಡಗೈ ಹಾಕಿ ಉಂಡಳು. ಬಲಗೈಲಿ ಉಣ್ಣು ಅನ್ನಲು ತೆರೆದ ಬಾಯನ್ನು ತಿಮ್ಮವ್ವ ಮುಚ್ಚಿಕೊಂಡಳು.

ಪೀರಮ್ಮ ಬಂದವಳೇ ಬೋರಲು ಹಾಕಿದ ಗಡಿಗೆ ಕಂಡು ಹೊಸ್ತಿಲ ಮೇಲೇ ಕುಸಿದಳು. ಅಲ್ಲಿಂದಲೇ ಕೇಳಿದಳು, "ಉಂಡಳೇನ?"

"ಉಂಡಳ್ರೀ ಅತ್ತಿ. ಮತ್ತ ಹಾಕಂದ್ಲು."

ಮುದುಕಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಮರುದಿನ ತಾನೇ ಅಟ್ಟದಿಂದ ಶಾವಿಗೆ ಮಣೆ ಇಳಿಸಿ, ಬರಿಗಡಿಗಿ ಇಡಬಾರದು ಅಂದು ಕಣಕ ನಾದಿ ಕೊಟ್ಟು ಒಳಗೆ ಹೋದಳು.

ಶಾವಿಗೆ ಇಬ್ಬರ ಕೆಲಸ. ಮಣೆಯ ಮೇಲ್ತುದಿಯಲ್ಲಿ ಒಬ್ಬಳು ಹೊಸೆದರೆ, ಕೆಳತುದಿಯಲ್ಲಿ ಇನ್ನೊಬ್ಬಳು ಎಳೆ ಹಿಡಿದು ಸುತ್ತಬೇಕು. ಕೆಳತುದಿ ಖಾಲಿಯಿತ್ತು. ತಿಮ್ಮವ್ವ ತಲೆ ಬಗ್ಗಿಸಿ ಹೊಸೆಯತೊಡಗಿದಳು. ಎಳೆ ನೆಲಕ್ಕೆ ಬೀಳಲೇ ಇಲ್ಲ. ಯಾರೋ ಹದವಾಗಿ ಎಳೆಯುತ್ತಿದ್ದರು. ಕಣ್ಣೆತ್ತಿದಳು.

ಗದ್ದೆಮ್ಮ ಕೂತಿದ್ದಳು. ಎಡಗೈಯಲ್ಲಿ, ಎಡಕ್ಕೆ, ಸುರುಳಿ ಸುತ್ತುತ್ತಿದ್ದಳು. ಆಕೆಗೆ ಯಾರೂ ಕಲಿಸಿರಲಿಲ್ಲ. ಬಳೆಯಿಲ್ಲದ ಬರಿಗೈ ಕೂಸು. ತಿಮ್ಮವ್ವನ ಬಳೆಗಳೂ ಮೊಣಕೈ ಕಡೆಗೆ ಏರಿ ಬಿಗಿದಿದ್ದವು. ಆದರೂ ಕೆಳತುದಿಯಲ್ಲಿ ಬಳೆ ಸದ್ದಾಗುತ್ತಿತ್ತು.

ತಿಮ್ಮವ್ವ ಕೈ ನಿಲ್ಲಿಸಲಿಲ್ಲ.

ಆ ಸಂಜೆ ಒಲೆ ಸಾರಿಸಿ, ಉಪ್ಪಿನ ಗಡಿಗೆಯನ್ನು ತಾನೇ ಎಡಕ್ಕಿಟ್ಟಳು. ಆಕೆ ಸಾಯುವತನಕ ಅದು ಅಲ್ಲೇ ಇತ್ತು.